ಕೊಪ್ಪಳದ ಪೇಟಿ ಮಾಸ್ತರನಿಗೆ, ಬಳ್ಳಾರಿಯಿಂದ

ಗೆಳೆಯಾ,

ನಾನು ಕಳಿಸಿದ ಪಾಶ್ಚಾತ್ಯ ಸಿಂಫನಿ ಆರ್ಕೆಸ್ಟ್ರಾದ ವಿಡಿಯೋಗೆ ನಿನ್ನ ಉತ್ತರ ಒಂದೇ ಸಾಲು: ‘ಎಲ್ಲಾರೂ ಬಾರಸಾಕತ್ತಾರ, ಈ ಮನಶಾ ಒಬ್ಬಾಂವ ಕೋಲು ಹಿಡಕೊಂಡು ಏನ್ ಮಾಡಾಕತ್ತಾನ?’ ಹಳ್ಳಿ ಹಳ್ಳಿ ತಿರುಗಿ ಜಾತ್ರೆ ನಾಟಕಕ್ಕೆ ತಾಲೀಮು ಕೊಡುವ ಪೇಟಿ ಮಾಸ್ತರನೇ ಹಿಂಗೆ ಕೇಳಿದರೆ ನಗದೆ ಏನು ಮಾಡಲಿ? ನೀನು ಮಾಡುವುದೂ ಅದನ್ನೇ. ನಿನ್ನ ಎರಡೂ ಕೈ ಪೇಟಿಯ ಮೇಲಿರುತ್ತವೆ, ಅದಕ್ಕೇ ತಬಲಾದವನಿಗೆ ಹುಬ್ಬಿನಲ್ಲಿ, ಪಾತ್ರಧಾರಿಗೆ ಕತ್ತಿನಲ್ಲಿ ಸನ್ನೆ ಮಾಡುತ್ತೀಯ.

ಇದು ನಮ್ಮ ಗಣಪತಿ ಹಬ್ಬದ ಆರ್ಕೆಸ್ಟ್ರಾದಂಥದ್ದಲ್ಲ. ತೊಂಬತ್ತು ನೂರು ಜನ ಕೂತಿರುತ್ತಾರೆ, ಒಬ್ಬೊಬ್ಬರ ಮುಂದಿನ ಹಾಳೆಯಲ್ಲಿ ಅವರವರ ಪಾಲಿನ ಸ್ವರ ಮಾತ್ರ. ಡ್ರಮ್ಮಿನವನು ಎಷ್ಟೋ ಹೊತ್ತು ಸುಮ್ಮನೆ ಮಾತ್ರೆ ಎಣಿಸುತ್ತಾ ಕೂತು ಒಂದೇ ಏಟು ಹೊಡೆಯಬೇಕಾಗಬಹುದು. ಎಲ್ಲರ ಪಾಲೂ ಒಂದರ ಕೆಳಗೊಂದು ಬರೆದ ದಪ್ಪ ಪುಸ್ತಕ ಇರುವುದು ಆ ಕೋಲಿನವನ ಹತ್ತಿರ. ಕಂಡಕ್ಟರ್ ಅನ್ನುತ್ತಾರೆ ಅವನಿಗೆ. ಬಲಗೈ ಹೆಚ್ಚಾಗಿ ಲಯಕ್ಕೆ, ಎಡಗೈ ಏರಿಳಿತಕ್ಕೆ, ಯಾರು ಯಾವಾಗ ಶುರುಮಾಡಬೇಕು ಎನ್ನುವುದಕ್ಕೆ. ನಿಜವಾದ ಕೆಲಸ ನಡೆಯುವುದು ತಾಲೀಮಿನಲ್ಲಿ. ಅದು ನಿನಗೆ ಹೇಳಬೇಕಾಗಿಲ್ಲ.

ಆ ವಿಡಿಯೋದಲ್ಲಿರುವಾತ ಎಸಾ-ಪೆಕ್ಕಾ ಸಾಲೊನೆನ್. ಫಿನ್ಲೆಂಡಿನವನು, 1958ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದ. ಕಲಿತದ್ದು ಹಾರ್ನ್ ಎಂಬ ಹಿತ್ತಾಳೆ ವಾದ್ಯ, ಮನಸ್ಸಿದ್ದದ್ದು ಸಂಗೀತ ಬರೆಯುವುದರಲ್ಲಿ. ಕಾಯಾ ಸಾರಿಯಾಹೊ, ಮಾಗ್ನುಸ್ ಲಿಂಡ್‌ಬರ್ಗ್ ಇವನ ಓರಗೆಯ ಗೆಳೆಯರು. ಅವರೂ ಮುಂದೆ ದೊಡ್ಡ ಸಂಯೋಜಕರೇ ಆದರು. ಹುಡುಗರು ಬರೆದ ಹೊಸ ಸಂಗೀತ ಯಾರು ನುಡಿಸಬೇಕು? ತಾವೇ ನುಡಿಸಬೇಕು, ತಮ್ಮಲ್ಲೇ ಒಬ್ಬ ನಡೆಸಬೇಕು. ಕೋಲು ಇವನ ಕೈಗೆ ಬಂದದ್ದು ಹಿಂಗೆ.

1983ರಲ್ಲಿ ಲಂಡನ್ನಿನಲ್ಲಿ ಮಾಲರ್‌ನ ಮೂರನೇ ಸಿಂಫನಿ ನಡೆಸಬೇಕಿದ್ದ ಮೈಕೆಲ್ ಟಿಲ್ಸನ್ ಥಾಮಸ್‌ಗೆ ಬರಲಾಗಲಿಲ್ಲ. ಕೆಲವೇ ದಿನ ಉಳಿದಿದ್ದವು. ಒಂದೂವರೆ ತಾಸಿನ, ಆರು ಭಾಗದ ಕೃತಿ. ಇಪ್ಪತ್ತೈದರ ಸಾಲೊನೆನ್ ಅದನ್ನು ಮೊದಲು ಓದಿದವನೂ ಅಲ್ಲ. ಒಪ್ಪಿಕೊಂಡ, ನಡೆಸಿದ, ಮರುದಿನದಿಂದ ಕರೆ ಮೇಲೆ ಕರೆ. 1992ರ ಹೊತ್ತಿಗೆ ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾಗೆ ಸಂಗೀತ ನಿರ್ದೇಶಕ.

ಆ ಮಾಲರ್‌ನ ಕಥೆಯೂ ಕೇಳಬೇಕು ನೀನು. ವರ್ಷವೆಲ್ಲ ಒಪೆರಾ ಮಂದಿರದಲ್ಲಿ ಬೇರೆಯವರ ಸಂಗೀತ ನಡೆಸಿ, ಬೇಸಿಗೆ ರಜೆಯಲ್ಲಿ ಮಾತ್ರ ತನ್ನದನ್ನು ಬರೆಯುತ್ತಿದ್ದ. ಆಸ್ಟ್ರಿಯಾದಲ್ಲಿ ಕೆರೆ ದಂಡೆಯ ಒಂದು ಪುಟ್ಟ ಕೋಣೆಯಲ್ಲಿ ಕೂತು ಈ ಮೂರನೆಯದನ್ನು ಬರೆದದ್ದು. ಸಾಲೊನೆನ್‌ನನ್ನು ಅದೇ ಕೃತಿ ಅದೇ ಪಾಡಿಗೆ ತಳ್ಳಿತು ನೋಡು.

ಆತ ತಪ್ಪಿಸಿಕೊಳ್ಳಲು ನೋಡಿದ. 2000ದಲ್ಲಿ ಒಂದು ವರ್ಷ ಕೋಲು ಕೆಳಗಿಟ್ಟು ಬರೆಯಲು ಕೂತ. 2009ರಲ್ಲಿ ಹದಿನೇಳು ವರ್ಷದ ಲಾಸ್ ಏಂಜಲೀಸ್ ಕೆಲಸವನ್ನೇ ಬಿಟ್ಟ, ಬರೆಯಲು ಹೊತ್ತು ಬೇಕೆಂದು. ಬಿಡುವ ಮುಂಚೆ ತಾನೇ ಬರೆದು, ತಾನೇ ನಿಂತು ನಡೆಸಿದ ಪಿಟೀಲು ಕನ್ಚರ್ಟೋವನ್ನು ನೀನು ಕೇಳಲೇಬೇಕು. ಕನ್ಚರ್ಟೋ ಅಂದರೆ ಒಂದು ವಾದ್ಯ ಮುಂದೆ, ಆರ್ಕೆಸ್ಟ್ರಾ ಅದರ ಜೊತೆಗೆ. ನುಡಿಸಿದಾಕೆ ಲೀಲಾ ಜೋಸೆಫೊವಿಚ್. ಪಿಟೀಲು ಒಂಟಿಯಾಗಿ ಶುರುವಾಗುತ್ತದೆ, ಸಂಗೀತ ಆಗಲೇ ನಡೆದಿತ್ತು, ನಾವೇ ತಡವಾಗಿ ಒಳಗೆ ಬಂದೆವು ಎನ್ನುವಂತೆ. ಎರಡನೇ ಭಾಗದಲ್ಲಿ ಎದೆಬಡಿತದಷ್ಟೇ ಮೆಲ್ಲಗೆ ನಗಾರಿ. ಮೂರನೆಯದರಲ್ಲಿ ಪಾಪ್ ಹಾಡಿನ ಡ್ರಮ್ ಸೆಟ್ಟೇ ಬರುತ್ತದೆ. (ನಿನ್ನ ಕ್ಯಾಸಿಯೋ ಹುಡುಗ ಖುಷಿಪಡುತ್ತಾನೆ. ನನಗೆ ಅದು ಸ್ವಲ್ಪ ಅತಿ ಅನಿಸಿತು.) ಕೊನೆಯದರ ಹೆಸರೇ ವಿದಾಯ. ನಿಧಾನವಾಗಿ ಏರಿ, ಇಳಿದು, ಇನ್ನೇನು ಮುಗಿಯಿತು ಅನ್ನುವಾಗ ಅಲ್ಲಿಯವರೆಗೆ ಎಲ್ಲೂ ಕೇಳದ ಒಂದು ಸ್ವರಗುಚ್ಛ ಇಟ್ಟು ಎದ್ದು ಹೋಗುತ್ತಾನೆ. ಷಡ್ಜಕ್ಕೆ ಬಂದು ನಿಂತರೇ ಸಮಾಧಾನ ಅನ್ನುವ ನಮ್ಮ ಕಿವಿಗೆ ಅದು ಹೊಸಿಲ ಮೇಲೆ ನಿಲ್ಲಿಸಿದಂತೆ. 2012ರಲ್ಲಿ ಅದಕ್ಕೆ ಸಂಗೀತ ಸಂಯೋಜನೆಗೆ ಕೊಡುವ ಗ್ರಾವ್‌ಮೇಯರ್ ಪ್ರಶಸ್ತಿ ಬಂತು.

ಇಷ್ಟಾದರೂ ಕೋಲು ಬಿಡಲಿಲ್ಲ. ಲಂಡನ್ನಿನ ಫಿಲ್ಹಾರ್ಮೋನಿಯಾ, ಆಮೇಲೆ 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿ ಆರ್ಕೆಸ್ಟ್ರಾ. ಅಲ್ಲಿ ಬಿಟ್ಟುಹೋಗುತ್ತಿದ್ದವನು ಯಾರಂತೀ? ಅದೇ ಟಿಲ್ಸನ್ ಥಾಮಸ್! 2024ರ ಮಾರ್ಚಿನಲ್ಲಿ, ಸಂಸ್ಥೆಯ ಮುಂದಿನ ದಾರಿಯ ಬಗ್ಗೆ ಆಡಳಿತ ಮಂಡಳಿಗೂ ತನಗೂ ಒಂದೇ ಗುರಿ ಇಲ್ಲ ಎಂದು ಹೇಳಿ, ಅವಧಿ ಮುಗಿದ ಮೇಲೆ ಮುಂದುವರಿಯುವುದಿಲ್ಲ ಎಂದ. 2025ರ ಜೂನ್‌ನಲ್ಲಿ ಹೊರಟ. ಕೊನೆಯ ಕಚೇರಿಗೆ ಆರಿಸಿಕೊಂಡದ್ದೂ ಮಾಲರ್‌ನನ್ನೇ, ಎರಡನೇ ಸಿಂಫನಿ. ತಾನು ಹುಡುಗನಿದ್ದಾಗ ಕಲಿತ ಹಾರ್ನ್‌ಗೆ ಬರೆದ ಕನ್ಚರ್ಟೋ ಆ ವರ್ಷವೇ ಮೊದಲ ಸಲ ಕೇಳಿಸಿತು.

ಇಷ್ಟು ಉದ್ದ ಯಾಕೆ ಬರೆದೆ ಅಂದರೆ, ಶ್ರಾವಣದಲ್ಲಿ ಮಠದಲ್ಲಿ ಪುರಾಣ ಶುರುವಾಗುವ ಮುಂಚೆ ನೀನು ನುಡಿಸಿದೆಯಲ್ಲ, ಭೀಮಪಲಾಸದಲ್ಲಿ ಆ ತತ್ವಪದದ ಮಟ್ಟು, ಅದು ಪಲ್ಲವಿಯ ಹತ್ತಿರವೇ ನಿಂತಿದೆ. ಕೇಳಿದಾಗೆಲ್ಲ ‘ಸೀಜನ್ ಮುಗೀಲಿ’ ಅನ್ನುತ್ತೀಯ. ಒಂದು ಊರಿನ ನಾಟಕ ಮುಗಿಯುವುದರೊಳಗೆ ಇನ್ನೊಂದು ಊರಿನವರು ವೀಳ್ಯ ಹಿಡಿದು ಬಂದಿರುತ್ತಾರೆ. ಹೊಟ್ಟೆಪಾಡು, ಗೊತ್ತು. ಸಾಲೊನೆನ್‌ಗಿದ್ದ ಅನುಕೂಲ ನಿನಗಿಲ್ಲ, ಅದೂ ಗೊತ್ತು. ಒಂದು ವರ್ಷ ಬಿಡು ಎನ್ನುತ್ತಿಲ್ಲ, ಈ ಸಲ ಒಂದು ಊರು ಬಿಡು. ಬೇಕಾದರೆ ಬಳ್ಳಾರಿಗೆ ಬಾ, ನಮ್ಮ ಮಾಳಿಗೆ ಮೇಲಿನ ಕೋಣೆ ಖಾಲಿ ಇದೆ. ಬಿಸಿಲು ಕೊಪ್ಪಳಕ್ಕಿಂತ ಏನೂ ಕಡಿಮೆ ಇಲ್ಲ, ಫ್ಯಾನ್ ಮಾತ್ರ ಹೊಸದು. ಊರಿನವರು ಬೈದರೆ ನನ್ನ ಹೆಸರು ಹೇಳು.

ಪೇಟಿ ಹೊತ್ತುಕೊಂಡು ಬರಬೇಡ, ಇಲ್ಲಿ ಒಂದು ಹೊಂದಿಸಿದ್ದೇನೆ. ಕಪ್ಪು ಎರಡರ ಶ್ರುತಿಯಲ್ಲಿ ನುಡಿಸಿದರೆ ಒಂದು ಸ್ವರ ಸ್ವಲ್ಪ ಹಿಡಿಯುತ್ತದೆ, ಬಂದು ನೀನೇ ನೋಡು.

ನಿನ್ನ
ಗೆಳೆಯ