ಹತ್ತು ದಿನಕ್ಕೆ ಮೈ ಸುಧಾರಿಸುತ್ತದೆ, ಮಿದುಳಿಗೆ ತಿಂಗಳುಗಳು ಬೇಕು

ಮಾನ್ಯರೇ,

ಹೆರಾಯಿನ್ ಹಿಡಿದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಚಿತ್ರ ಒಂದೇ ಥರದ್ದು: ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಪುಡಿಯ ಪೊಟ್ಟಣ, ಫಾಯಿಲ್, ಸಿರಿಂಜು, ಹಿಂದೆ ನಿಂತ ಅಧಿಕಾರಿಗಳು. ಓದುಗರಿಗೆ ಅದು ಪೊಲೀಸರ ಕೆಲಸದ ಸುದ್ದಿ. ಎರಡು ತಿಂಗಳ ಹಿಂದೆ ಪುಡಿ ಬಿಟ್ಟು ಮನೆಯಲ್ಲಿ ಕೂತ ಹುಡುಗನಿಗೆ ಮಾತ್ರ ಆ ಫಾಯಿಲ್ ಕಂಡರೆ ಸಾಕು, ಅಂಗೈ ಬೆವರುತ್ತದೆ, ಹೊಟ್ಟೆ ತಳಮಳಿಸುತ್ತದೆ, ಮಾಡುತ್ತಿದ್ದ ಕೆಲಸ ಕೈಬಿಟ್ಟು ಹೋಗುತ್ತದೆ. ಮನಸ್ಸು ಗಟ್ಟಿಯಿಲ್ಲ ಎಂದು ಮನೆಯವರು ಬೈಯುತ್ತಾರೆ. ಇದು ಮನಸ್ಸಿನ ಗಟ್ಟಿತನದ ಪ್ರಶ್ನೆಯೇ ಅಲ್ಲ.

ಹೆರಾಯಿನ್ ರಕ್ತದಿಂದ ಮಿದುಳಿಗೆ ಬಹಳ ಬೇಗ ದಾಟುತ್ತದೆ, ಅಲ್ಲಿ ಮಾರ್ಫಿನ್ ಆಗಿ ಬದಲಾಗುತ್ತದೆ. ನೋವು ತಣಿಸಲು ದೇಹವೇ ತಯಾರಿಸುವ ಎಂಡಾರ್ಫಿನ್ ಕೂರಬೇಕಾದ ಜಾಗದಲ್ಲಿ ಇದು ಕೂರುತ್ತದೆ. ಡೋಪಮೈನ್ ಬಿಡುಗಡೆಗೆ ಇರುವ ಬ್ರೇಕು ಸಡಿಲವಾಗುತ್ತದೆ. ಡೋಪಮೈನ್ ಎಂದರೆ ಬರೀ ಸುಖವಲ್ಲ. 'ಇದು ಮುಖ್ಯ, ನೆನಪಿಟ್ಟುಕೋ' ಎಂದು ಮಿದುಳು ಹಾಕಿಕೊಳ್ಳುವ ಗುರುತು. ಆ ಗುರುತು ಪುಡಿಯ ಮೇಲಷ್ಟೇ ಬೀಳುವುದಿಲ್ಲ. ಲೈಟರಿನ ಸದ್ದು, ಜೊತೆಗಾರನ ಬೈಕು, ರೈಲ್ವೆ ಹಳಿಯ ಪಕ್ಕದ ಗೋಡೆ, ಸಂಜೆ ಆರರ ಹೊತ್ತು, ಎಲ್ಲದರ ಮೇಲೂ ಬೀಳುತ್ತದೆ. ಪುಡಿ ಬಿಟ್ಟ ಮೇಲೂ ಈ ಗುರುತುಗಳು ಅಳಿಯುವುದಿಲ್ಲ.

ನಮ್ಮ ಕಡೆ ಮನೆಮಂದಿ ಹೇಳುವ ಮಾತು ಒಂದಿದೆ: 'ಹತ್ತ್ ದಿನ ಅಡ್ಮಿಟ್ ಮಾಡಿದ್ವಿ, ಈಗ ಆರಾಮ ಆಗ್ಯಾನ್ರಿ.' ಅರ್ಧ ನಿಜ. ಕೊನೆಯ ಸಲ ಹೆರಾಯಿನ್ ತೆಗೆದುಕೊಂಡ 6ರಿಂದ 12 ಗಂಟೆಯಲ್ಲಿ ಆಕಳಿಕೆ, ಮೂಗು ಸೋರುವುದು, ಬೆವರು ಶುರು. ಎರಡು, ಮೂರನೇ ದಿನಕ್ಕೆ ವಾಂತಿ, ಭೇದಿ, ಕೈಕಾಲು ಸೆಳೆತ ಜೋರಾಗುತ್ತವೆ. ವಾರ, ಹತ್ತು ದಿನದಲ್ಲಿ ಮೈ ತಹಬಂದಿಗೆ ಬರುತ್ತದೆ, ಊಟ ಸೇರುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಕಣ್ಣಿಗೆ ಕಾಣುವ ಕಾಯಿಲೆ ಅಲ್ಲಿಗೆ ಮುಗಿಯಿತು. ಕಾಣದ ಕಾಯಿಲೆಯ ಕೆಲಸ ಶುರುವಾಗುವುದು ಆಮೇಲೆಯೇ.

ಅದರ ಮೊದಲ ಮುಖ ನೀರಸತನ. ಬೆಣ್ಣೆ ದೋಸೆ ಮುಂದಿಟ್ಟರೂ ರುಚಿ ಹತ್ತುವುದಿಲ್ಲ, ಅಕ್ಕನ ಮಗು ತೊಡೆಯೇರಿದರೂ ನಗು ಬರುವುದಿಲ್ಲ. ವರ್ಷಗಟ್ಟಲೆ ಪುಡಿಯ ಅಳತೆಗೆ ಒಗ್ಗಿದ ಮಿದುಳಿಗೆ ದಿನನಿತ್ಯದ ಸಣ್ಣ ಸಂತೋಷ ತಟ್ಟುವುದೇ ಇಲ್ಲ. ರಾತ್ರಿ ಎರಡಕ್ಕೆ ಎಚ್ಚರ, ಸಿಡಿಮಿಡಿ, ಕಾರಣವಿಲ್ಲದ ಭಯ ಜೊತೆಗೂಡುತ್ತವೆ. ಇದು ವಾರಗಳಲ್ಲ, ಹಲವರಿಗೆ ತಿಂಗಳುಗಳ ಮಾತು. ಪುಡಿ ಬಿಟ್ಟು ಒಂದು ತಿಂಗಳಾದರೂ ಮಂಕು ಇಳಿಯದಿದ್ದರೆ ಅದನ್ನು ಖಿನ್ನತೆ ಎಂದೇ ಹಿಡಿದು ಬೇರೆ ಚಿಕಿತ್ಸೆ ಕೊಡಿಸಬೇಕು. 'ಸಾಯಬೇಕು ಅನ್ಸುತ್ತೆ' ಎಂದರೆ ನಾಟಕ ಎಂದು ತಳ್ಳಿಹಾಕಬಾರದು. ಅಂದೇ ಮನೋವೈದ್ಯರ ಹತ್ತಿರ ಕರೆದೊಯ್ಯಬೇಕು.

ಎರಡನೆಯ ಮುಖ ವಿವೇಚನೆಯದು. ಹಣೆಯ ಹಿಂದಿನ ಮಿದುಳಿನ ಭಾಗ ತೂಗಿನೋಡುವ, ತಡೆಯುವ, ನಾಳೆಯನ್ನು ಲೆಕ್ಕ ಹಾಕುವ ಕೆಲಸ ಮಾಡುತ್ತದೆ. ಹೆರಾಯಿನ್ ಚಟದಲ್ಲಿ ಪೆಟ್ಟು ತಿನ್ನುವುದು ಇದೇ. ಇವತ್ತು 500 ರೂಪಾಯಿಯೋ, ತಿಂಗಳು ಬಿಟ್ಟು 1,000 ರೂಪಾಯಿಯೋ ಎಂದು ಕೇಳಿದರೆ ಇವತ್ತಿನದಕ್ಕೇ ಕೈ ಚಾಚುವುದು ಇವರಲ್ಲಿ ಹೆಚ್ಚು. ಹಾಗಾಗಿ ಮೆಕ್ಕೆಜೋಳ ಮಾರಿದ ದುಡ್ಡು ಅವನ ಕೈಗೆ ಕೊಟ್ಟು 'ಜವಾಬ್ದಾರಿ ಬರಲಿ' ಎನ್ನುವುದು ಕಾಲು ಮುರಿದವನನ್ನು ಓಟಕ್ಕೆ ನಿಲ್ಲಿಸಿದಂತೆ. (ಜವಾಬ್ದಾರಿ ಬರಲಿ ಎಂದು ಮಾಡುವ ಮದುವೆಯೂ ಹಾಗೆಯೇ. ಹೆಣ್ಣಿನ ಮನೆಯವರಿಗೆ ಹೇಳದೆ ಮಾಡಿದರಂತೂ ಅದು ಬರೀ ತಪ್ಪಲ್ಲ, ಮೋಸ.)

ಕೈಯಲ್ಲಿರುವ ಕೆಲಸದ ನೆನಪೂ ಕುಗ್ಗಿರುತ್ತದೆ. 'ಎಪಿಎಂಸಿಗೆ ಹೋಗಿ ಚೀಟಿ ತಗೊಂಡು, ಬರುವಾಗ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಅಜ್ಜಿಯ ಮಾತ್ರೆ ತಾ' ಎಂದರೆ ಚೀಟಿ ಬರುತ್ತದೆ, ಉಳಿದೆರಡು ದಾರಿಯಲ್ಲೇ ಉಳಿಯುತ್ತವೆ. ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಬರೆದು ಕೊಡಿ. ಮಾತ್ರೆಯ ಹೊತ್ತು, ಆಸ್ಪತ್ರೆಯ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿರಲಿ. ಇವತ್ತಿನದಕ್ಕೇ ಕೈ ಚಾಚುವ ದುಡುಕು ಕೆಲವರಲ್ಲಿ ಚಟಕ್ಕೆ ಮೊದಲೇ ಇರುತ್ತದೆ, ಎಲ್ಲವನ್ನೂ ಪುಡಿಯ ಮೇಲೆ ಹಾಕಲಾಗದು. ಬಿಟ್ಟು ತಿಂಗಳುಗಳು ಕಳೆದಂತೆ ಬಹಳಷ್ಟು ಮಂದಿಯಲ್ಲಿ ಗಮನ, ನೆನಪು ಸುಧಾರಿಸುತ್ತವೆ.

ಸುಧಾರಿಸದೆ ಉಳಿಯಬಹುದಾದದ್ದು ಉಸಿರು ನಿಂತು ಆದ ಹಾನಿ. ಹೆಚ್ಚು ಡೋಸ್ ಆದಾಗ ಉಸಿರಾಟ ನಿಧಾನವಾಗಿ ಮಿದುಳಿಗೆ ಆಮ್ಲಜನಕ ಸಾಲದಾಗುತ್ತದೆ. ಮೊದಲು ಸಾಯುವ ಕೋಶಗಳಲ್ಲಿ ಹೊಸ ನೆನಪು ಕಟ್ಟುವ ಭಾಗದವೂ ಇವೆ. ಹತ್ತು ದಿನ ಬಿಟ್ಟು ಮತ್ತೆ ಪುಡಿ ಮುಟ್ಟಿದವನಿಗೆ ಈ ಅಪಾಯ ಹೆಚ್ಚು. ದೇಹ ತನ್ನ ಹಳೆಯ ತಾಳಿಕೆ ಕಳೆದುಕೊಂಡಿದೆ, ಕೈಗೆ ಹಳೆಯ ಅಳತೆಯೇ ನೆನಪಿದೆ. ಆಸ್ಪತ್ರೆಯಿಂದ, ಜೈಲಿನಿಂದ ಹೊರಬಂದ ಮೊದಲ ವಾರಗಳಲ್ಲಿ ಸಾವು ಹೆಚ್ಚಲು ಕಾರಣ ಇದೇ. ಗೊರಗೊರ ಗೊರಕೆ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ನೀಲಿ ತುಟಿ, ಅಲುಗಾಡಿಸಿದರೂ ಏಳದಿರುವುದು ಕಂಡರೆ 'ಚೆನ್ನಾಗಿ ಮಲಗಿದ್ದಾನೆ' ಎಂದು ಬಾಗಿಲು ಹಾಕಬೇಡಿ. 108ಕ್ಕೆ ಕರೆ ಮಾಡಿ, ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಉಸಿರಿದ್ದರೆ ಮಗ್ಗುಲಿಗೆ ಹೊರಳಿಸಿ. ಉಪ್ಪುನೀರು, ಮಜ್ಜಿಗೆ, ನಿಂಬೆಹಣ್ಣು ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ನಲೋಕ್ಸೋನ್ ಚುಚ್ಚುಮದ್ದು ನಿಮಿಷಗಳಲ್ಲಿ ಎಬ್ಬಿಸುತ್ತದೆ. ಆದರೆ ಅದರ ಬಲ 30ರಿಂದ 90 ನಿಮಿಷ ಮಾತ್ರ. ಎದ್ದು ಕೂತ ಎಂದು ಆಟೋ ಹತ್ತಿಸಿದರೆ ಮನೆಯಲ್ಲಿ ಮತ್ತೆ ಉಸಿರು ಕಟ್ಟಬಹುದು.

ಇನ್ನು ಹೆರಾಯಿನ್ ಚಟದ ಚಿಕಿತ್ಸೆಗೆ ಕೊಡುವ ಬುಪ್ರೆನಾರ್ಫಿನ್ ಮಾತ್ರೆ. 'ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು' ಎಂಬ ದೂರು ಇದರ ಮೇಲೆ ಸದಾ ಇದೆ. ಮಿದುಳಿನಲ್ಲಿ ಹೆರಾಯಿನ್ ಕೂರುವ ಜಾಗ ಒಂದು ಬೀಗ ಎಂದುಕೊಂಡರೆ, ಇದು ಅದೇ ಬೀಗಕ್ಕೆ ಕೀಲಿಯಂತೆ ಕೂರುತ್ತದೆ, ಆದರೆ ಅರ್ಧ ಮಾತ್ರ ತಿರುಗುತ್ತದೆ. ಮೈನೋವು, ತಹತಹ ಇಳಿಯುತ್ತವೆ. ಒಂದು ಮಟ್ಟ ದಾಟಿದರೆ ಎಷ್ಟು ತೆಗೆದುಕೊಂಡರೂ ಅಮಲು ಏರುವುದಿಲ್ಲ. ನಿದ್ದೆ, ದುಡಿಮೆ, ಯೋಚನೆ ಸರಿದಾರಿಗೆ ಬರಲು ಬೇಕಾದ ಕಾಲಾವಕಾಶ ಅದರಿಂದ ಸಿಗುತ್ತದೆ. ಕೆಡುವುದು ಎರಡು ಕಡೆ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗ ಆತುರಪಟ್ಟು ಕೊಟ್ಟರೆ ವಾಂತಿ, ನಡುಕ ಒಮ್ಮೆಲೇ ಅಪ್ಪಳಿಸುತ್ತವೆ. ಆಕಳಿಕೆ, ಬೆವರು ಕಾಣುವವರೆಗೆ, ಸುಮಾರು 12 ಗಂಟೆ, ಕಾಯಬೇಕು. ಇನ್ನೊಂದು, ನೀರು ಕುಡಿದು ನುಂಗುವುದು. ಅದು ನಾಲಿಗೆ ಕೆಳಗೆ 5ರಿಂದ 10 ನಿಮಿಷ ಕರಗಬೇಕಾದ ಮಾತ್ರೆ. ನುಂಗಿದರೆ ಬಹುಪಾಲು ವ್ಯರ್ಥ. ಎಷ್ಟು, ಎಲ್ಲಿಯವರೆಗೆ ಎನ್ನುವುದು ವೈದ್ಯರ ಲೆಕ್ಕ, ಅತ್ತೆ ಮಾವಂದಿರದ್ದಲ್ಲ.

ಮಿದುಳಿನ ಗುರುತು ಬಿದ್ದ ಜಾಗದ ಮಾತಿಗೆ ಮರಳಿದರೆ ವಿಯೆಟ್ನಾಂ ನೆನಪಾಗುತ್ತದೆ. ಯುದ್ಧಭೂಮಿಯಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ ಅಮೆರಿಕದ ಸೈನಿಕರನ್ನು 1970ರ ದಶಕದ ಆರಂಭದಲ್ಲಿ ಊರಿಗೆ ಮರಳಿದ ಮೇಲೆ ಪರಿಶೀಲಿಸಿದಾಗ, ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು 5 ಮಂದಿ. ಅಲ್ಲಿನ ಗೋಡೆ, ಗೆಳೆಯ, ಹೊತ್ತು ಅವರ ಊರಲ್ಲಿರಲಿಲ್ಲ. ನಮ್ಮ ಹುಡುಗರದ್ದು ಅದರ ತಿರುವು ಮುರುವು: ದೂರದ ಕೇಂದ್ರದಲ್ಲಿ ಬಿಡುತ್ತಾರೆ, ಬಸ್ಸಿಳಿದು ಅದೇ ಗಲ್ಲಿಗೆ ಬರುತ್ತಾರೆ. ಹಾಗಾಗಿ ಬಿಡುಗಡೆಗೆ ಮೊದಲೇ ಫೋನಿನಿಂದ ಹಳೆಯ ನಂಬರ್ ಅಳಿಸಿ, ಸಂಜೆ ಆರರ ಹೊತ್ತಿಗೆ ಬೇರೆ ಕೆಲಸ ಗೊತ್ತು ಮಾಡಿ. ಬಯಕೆ ಎದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಒಬ್ಬರು ಜೊತೆಗಿದ್ದರೆ ಸಾಕು.

ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಬಾರದವರೂ ಇದ್ದಾರೆ. 1985ರ ಮಾದಕ ವಸ್ತು ತಡೆ ಕಾಯ್ದೆಯ (ಎನ್‌ಡಿಪಿಎಸ್) 64ಎ ಕಲಂ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ, ವ್ಯಸನವೂ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ಕಟ್ಟಿಹಾಕುವ ಕೇಂದ್ರಕ್ಕೆ ಮಗನನ್ನು ಒಪ್ಪಿಸಬೇಡಿ.

ಪತ್ರಿಕೆಗೆ ನಮ್ಮ ಕೋರಿಕೆ ಇಷ್ಟೇ. ಹೆರಾಯಿನ್ ಸುದ್ದಿಯ ಜೊತೆ ಪುಡಿ, ಫಾಯಿಲ್, ಸಿರಿಂಜಿನ ಚಿತ್ರ ಬೇಡ; ಠಾಣೆಯ ಬೋರ್ಡೇ ಸಾಕು. ಆ ಜಾಗದಲ್ಲಿ ಎರಡು ನಂಬರ್ ಹಾಕಿ: ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡಕ್ಕೂ ಕರೆ ಉಚಿತ.

ಇಂತಿ,
ವ್ಯಸನ ಚಿಕಿತ್ಸೆಯಲ್ಲಿ ತೊಡಗಿರುವ ಆಪ್ತಸಮಾಲೋಚಕರು ಮತ್ತು ಶುಶ್ರೂಷಕರು,
ದಾವಣಗೆರೆ