ಗೇರ್ ಲಿವರ್ ಕೊನೆಗೂ ಕೈಗೆ ಸಿಕ್ಕಿತು

ಗೆಳೆಯಾ,

"ಕಾರು ಮುಗೀತು ಅಂದೆಯಲ್ಲ, ಇನ್ನೂ ಏನು ಕುಟ್ಟುತ್ತಿದ್ದೀಯ?" ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಗೇರ್ ಲಿವರ್ ಕಣೋ. ಮೂರು ವಾರ ಅದೊಂದೇ ಕೆಲಸ.

ಇಂಗ್ಲೆಂಡಿನಲ್ಲಿ ಮನೆಯಲ್ಲೇ ಕಾರು ಜೋಡಿಸುವ ಆಸೆ ಹಳೆಯದು. 1957ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ನನ್ನದೂ ಅದೇ ಜಾತಿ. ಎಂಜಿನ್, ಗೇರ್‌ಬಾಕ್ಸ್ ಎರಡೂ ಮಾಜ್ಡಾ ಎಂಎಕ್ಸ್-5 ಎಂಬ ಹಳೆಯ ಪುಟ್ಟ ಸ್ಪೋರ್ಟ್ಸ್ ಕಾರಿನವು. ಮುಂದೆ ಭಾರ ಜಾಸ್ತಿಯಾಗಬಾರದು ಅಂತ ಎಂಜಿನ್ನನ್ನು ಹಿಂದಕ್ಕೆ ಕೂರಿಸಿದೆ. ಗೇರ್‌ಬಾಕ್ಸೂ ಹಿಂದೆ ಹೋಯಿತು. ಲಿವರ್ ಬಂದು ನಿಂತದ್ದು ನನ್ನ ಸೊಂಟದ ಪಕ್ಕ! ಎರಡನೇ ಗೇರಿಗೆ ಎಳೆದರೆ ಮೊಣಕೈ ಹಿಂದಿನ ತಗಡಿಗೆ ಬಡಿಯುತ್ತಿತ್ತು.

ಸುಮ್ನೆ ಕತ್ತರಿಸಿ ಗಿಡ್ಡ ಮಾಡು ಅಂತ ಎಲ್ಲರೂ ಹೇಳಿದರು. ಆದರೆ ಲಿವರ್ ಅಂದರೆ ಸನ್ನೆಕೋಲು ಅಲ್ವಾ? ಅದು ತಿರುಗುವ ಕೀಲಿನಿಂದ ಮೇಲಿನ ಉದ್ದ 200 ಮಿ.ಮೀ. ಇದ್ದದ್ದು 150 ಆದರೆ ಕೈ ಓಡಾಟ ಕಾಲುಭಾಗ ಕಡಿಮೆಯಾಗುತ್ತದೆ, ಹಾಕಬೇಕಾದ ಬಲ ಮೂರರಲ್ಲಿ ಒಂದು ಪಾಲು ಜಾಸ್ತಿಯಾಗುತ್ತದೆ. ಚಳಿಯಲ್ಲಿ ಈ ಗೇರ್‌ಬಾಕ್ಸಿನ ಎರಡನೇ ಗೇರ್ ಮೊದಲೇ ಬಿಗಿ. ನನಗೆ ಬೇಕಿದ್ದದ್ದು ಗಿಡ್ಡ ಲಿವರ್ ಅಲ್ಲ, ಮುಂದಿರುವ ಲಿವರ್.

ಲಿವರಿಗೆ ಒಂದು ಮರದ ತುಂಡನ್ನು ಇನ್ಸುಲೇಷನ್ ಟೇಪಿನಲ್ಲಿ ಸುತ್ತಿ, ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತು, ಐದೂ ಗೇರ್, ರಿವರ್ಸ್ ಹಾಕಿ ನೋಡಿದೆ. 60 ಮಿ.ಮೀ. ಮುಂದೆ ಬಂದರೆ ಸಾಕಿತ್ತು. ಒಂದು ವಿಚಿತ್ರ ಗೊತ್ತಾಯಿತು. ಹಿಡಿ ಕೀಲಿಗಿಂತ ಮುಂದಿದ್ದರೆ ಮೂರನೇ ಗೇರಿಗೆ ತಳ್ಳುವಾಗ ಅದು ಸ್ವಲ್ಪ ತಗ್ಗುತ್ತದೆ, ನಾಲ್ಕಕ್ಕೆ ಎಳೆಯುವಾಗ ಏಳುತ್ತದೆ. ಎರಡು ದಿನದಲ್ಲಿ ಕೈಗೆ ರೂಢಿಯಾಯಿತು.

ಸರಳನ್ನು ಕತ್ತರಿಸಿ, ಮುಂದಕ್ಕೆ ಬಾಗುವಂತೆ ವೆಲ್ಡ್ ಮಾಡಬೇಕಿತ್ತು. ಅದಕ್ಕೆ ಲಿವರನ್ನು ಬಿಚ್ಚಿ ಹೊರಗೆ ತೆಗೆದೆ. ಕಾರಿನಲ್ಲೇ ಇಟ್ಟು ವೆಲ್ಡ್ ಮಾಡಿದರೆ ಲಿವರಿನ ಕೆಳತುದಿ ಕೂರುವ ನೈಲಾನ್ ಬುಷ್ (ಸಣ್ಣ ತೋಳು) ಕರಗುತ್ತದೆ, ಕರೆಂಟು ಬೇರಿಂಗ್‌ಗಳ ಮೂಲಕ ಹರಿದು ಅವೂ ಹಾಳಾಗಬಹುದು. ಒಳಗಿನ ರಬ್ಬರ್ ಬೂಟು ಹರಿದಿತ್ತು, ಎಣ್ಣೆ ಟಾರಿನಂತೆ ಕಪ್ಪಗಿತ್ತು. ಎರಡನ್ನೂ ಬದಲಾಯಿಸಿದೆ.

ಮೊದಲ ವೆಲ್ಡ್ ಕೈಕೊಟ್ಟಿತು. ಸರಳಿನ ತುದಿಗಳನ್ನು ಇಳಿಜಾರಾಗಿ ಉಜ್ಜದೆ ಹಾಗೇ ಜೋಡಿಸಿದ್ದೆ. ಚಂದ ಕಾಣಲಿ ಅಂತ ಮೇಲಿನ ಉಬ್ಬನ್ನೂ ಗ್ರೈಂಡ್ ಮಾಡಿದ್ದೆ. ಗ್ಯಾರೇಜಿನಲ್ಲೇ ಎರಡನೇ ಗೇರ್ ಎಳೆದಾಗ ಟಕ್ ಎಂದು ಕೈಗೆ ಬಂತು. ಮುರಿದ ಜಾಗ ನೋಡಿದರೆ ಅಂಚಿನಲ್ಲಷ್ಟೇ ಲೋಹ ಕೂಡಿತ್ತು, ನಡುವೆ ಗರಗಸದ ಗೆರೆಗಳು ಹಾಗೇ ಇದ್ದವು. ರಸ್ತೆಯಲ್ಲಿ ಆಗಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಎರಡನೇ ಸಲ ತುದಿಗಳನ್ನು ಚೂಪಾಗಿ ಉಜ್ಜಿ, ಮೇಲೆ ಉಕ್ಕಿನ ಕೊಳವೆ ತೊಡಿಸಿ ವೆಲ್ಡ್ ಮಾಡಿದೆ. ಈಗ ಮೈಭಾರ ಹಾಕಿದರೂ ಅಲ್ಲಾಡುವುದಿಲ್ಲ.

ನಿನ್ನಿಂದ ಒಂದು ಸಹಾಯ ಬೇಕು. ಚನ್ನಪಟ್ಟಣಕ್ಕೆ ಹೋದಾಗ ಆಲೆ ಮರದಲ್ಲಿ ಲಿವರಿನ ತುದಿಗೆ ಒಂದು ಹಿಡಿ ಕಡೆಸಿಕೊಂಡು ಬಾ. ಕೋಳಿಮೊಟ್ಟೆಯಷ್ಟು ದಪ್ಪ, ಕೆಂಪು ಅರಗು. ಸರ್ಕಾರಿ ತಪಾಸಣೆ ಬಾಕಿ ಇದೆ, ಚೂಪು ಅಂಚು ಇರಬಾರದು. ಒಳಗೆ ಹಿತ್ತಾಳೆ ಬುಷ್ ಇರಲಿ. ಥ್ರೆಡ್ ಎಂ10 (ಅಂದರೆ 10 ಮಿ.ಮೀ. ದಪ್ಪದ್ದು), ಪಿಚ್ ಅಂದರೆ ಎಳೆಗಳ ನಡುವಿನ ಅಂತರ 1.25 ಮಿ.ಮೀ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 1.5, ಅದು ಕೂರುವುದಿಲ್ಲ. ಬರೆದಿಟ್ಟುಕೋ.

ನಿನ್ನ,
ಗೆಳೆಯ