ಎಂಟಲ್ಲ, ಒಂಬತ್ತು

ಪ್ರೀತಿಯ ಸ್ಟೆಪ್ನಿ,

ನೀನು ಕೇಳಿದ್ದು ಒಂದೇ ಸಾಲು. ‘ಕಡಿಮೆ ದುಡ್ಡಲ್ಲಿ ಬಾಳಿಕೆ ಬರೋ ಗಂಬೂಟು ಯಾವ್ದು ಹೇಳೋ.’ ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಉಪ್ಪು ಕೇಳಿದರೆ ಸಮುದ್ರದ ಕತೆ ಹೇಳುವವನು. ಅದಕ್ಕೇ ಪತ್ರ. ಅದೂ ಎಲ್ಲರೆದುರು. ನಿನಗೆ ಗುಟ್ಟಾಗಿ ಬರೆದ ಪತ್ರಗಳ ಗತಿ ಏನಾಯಿತು ಅಂತ ನಮ್ಮಿಬ್ಬರಿಗೂ ಗೊತ್ತಿದೆ. ಕೊಡೆಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಅಗ್ಗದ ಗಂಬೂಟು ಹುಡುಕುತ್ತಾ ನಾನು ಮೂರು ಜೊತೆ ಕೊಂಡಿದ್ದೇನೆ. ಆ ದುಡ್ಡೆಲ್ಲ ಸೇರಿಸಿದರೆ ಒಂದು ದುಬಾರಿ ಜೊತೆಯೇ ಬರುತ್ತಿತ್ತು. ಹಾಗಾಗಿ ಈ ವಿಷಯದಲ್ಲಿ ನಾನು ಪಂಡಿತ.

ಮೊದಲನೆಯದನ್ನು ಹೊಳಪು ನೋಡಿ ಕೊಂಡೆ. ತೆಳು ಪಿವಿಸಿ, ಅಂದರೆ ಪ್ಲಾಸ್ಟಿಕ್ಕು. ಚಳಿಯ ಬೆಳಗ್ಗೆ ತಗಡಿನ ಹಾಗೆ ಬಿರುಸಾಗುತ್ತಿತ್ತು. ಒಂದು ದಿನ ಬೆರಳುಗಳ ಹಿಂದೆ, ಪಾದ ಮಡಚುವ ಜಾಗದಲ್ಲಿ, ಸೀಳು ಬಿಟ್ಟಿತು. ಗಂಬೂಟು ಸಾಮಾನ್ಯವಾಗಿ ಸಾಯುವುದು ಅಲ್ಲೇ, ಇಲ್ಲವೇ ಸೋಲ್ ಮೇಲ್ಭಾಗಕ್ಕೆ ಕೂಡುವ ಅಂಚಿನಲ್ಲಿ. ಅದಕ್ಕೇ ಅಂಗಡಿಯಲ್ಲಿ ನಾಚಿಕೆ ಬಿಟ್ಟು ಆ ಜಾಗವನ್ನು ಕೈಯಲ್ಲಿ ಮಡಚಿ ನೋಡು. ಮೆತ್ತಗೆ ಬಾಗಿ ವಾಪಸ್ ಬಂದರೆ ಸರಿ. ಬಿಳಿ ಗೆರೆ ಬಿದ್ದು ಹಾಗೇ ಉಳಿದರೆ ಅಲ್ಲೇ ಇಟ್ಟು ಬಾ.

ಎರಡನೆಯದು ರಬ್ಬರಿನದು. ತೊಳೆದು ಬಿಸಿಲಿಗಿಟ್ಟೆ. ದಿನಾ ಇಟ್ಟೆ. ಮೈತುಂಬಾ ಕೂದಲೆಳೆಯಂಥ ಬಿರುಕು. ತಪ್ಪು ನನ್ನದೇ. ರಬ್ಬರಿಗೆ ಬಿಸಿಲು ಆಗಿಬರುವುದಿಲ್ಲ, ಪೆಟ್ರೋಲು, ಗ್ರೀಸೂ ಆಗುವುದಿಲ್ಲ. ಒಳಗೆ ಹಳೇ ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸಬೇಕು. ಇನ್ನೊಂದು ಮಾತು. ಹೊಸ ರಬ್ಬರ್ ಬೂಟಿನ ಮೇಲೆ ಕೆಲವೊಮ್ಮೆ ಬೂದಿ ಬಳಿದ ಹಾಗೆ ಬಿಳಿ ಪುಡಿ ಕಾಣುತ್ತದೆ. ರಬ್ಬರಿನೊಳಗಿನ ಮೇಣವೋ ಗಂಧಕವೋ ಮೇಲೆ ಬಂದಿರುತ್ತದೆ, ಅಷ್ಟೇ. ಒರೆಸಿದರೆ ಹೋಗುತ್ತದೆ. ನಾನು ಅದನ್ನು ಬೂಷ್ಟು ಅಂದುಕೊಂಡು ಒಳ್ಳೇ ಜೊತೆಯೊಂದನ್ನು ಬಿಟ್ಟುಬಂದವನು.

ನನ್ನ ಅಭಿಪ್ರಾಯ ಕೇಳಿದರೆ, ದಿನಕ್ಕೆ ಒಂದೆರಡು ತಾಸು ಕೆಸರಲ್ಲಿ ಓಡಾಡುವುದಾದರೆ ದಪ್ಪನೆಯ, ಒಳಗೆ ಬಟ್ಟೆಯ ಲೈನಿಂಗ್ ಇರುವ ಪಿವಿಸಿ ಸಾಕು. ಇಡೀ ದಿನ ನಡೆಯುವುದಾದರೆ ಎರಡು ತಿಂಗಳು ತಡೆದು ರಬ್ಬರಿನದೇ ತಗೋ. ಎಣ್ಣೆ, ಗೊಬ್ಬರ, ಕೊಬ್ಬು ತಾಗುವ ಕೆಲಸವಾದರೆ ನೈಟ್ರೈಲ್ ಅನ್ನುವ, ಎಣ್ಣೆಗೆ ಬಗ್ಗದ ರಬ್ಬರು ಬೆರೆಸಿದ ಪಿವಿಸಿ ಕೇಳು. ಪಾಲಿಯುರೆಥೇನ್ ಅಂತ ಇನ್ನೊಂದು ಜಾತಿಯ ಪ್ಲಾಸ್ಟಿಕ್ಕಿದೆ, ಅದರದು ಹಗುರ, ಬೆಚ್ಚಗೂ ಇರುತ್ತದೆ, ಆದರೆ ನಮ್ಮ ಜೇಬಿಗೆ ಸ್ವಲ್ಪ ಎತ್ತರ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಸಂಜೆಯೊಳಗೆ ಎಲ್ಲವೂ ಕೆಸರಿನ ಬಣ್ಣವೇ.

ಈ ಬೂಟಿಗೆ ಇಂಗ್ಲಿಷಿನಲ್ಲಿ ವೆಲಿಂಗ್ಟನ್ ಬೂಟು ಅಂತಲೂ ಹೆಸರು, ಅದು ಬಂದದ್ದು ಇಂಗ್ಲೆಂಡಿನ ಡ್ಯೂಕ್ ಆಫ್ ವೆಲಿಂಗ್ಟನ್‌ನಿಂದ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಆಗ ಸೈನಿಕರು ಹಾಕುತ್ತಿದ್ದ ಹೆಸ್ಸಿಯನ್ ಅನ್ನುವ ಎತ್ತರದ ಬೂಟಿನ ಕುಚ್ಚು ತೆಗೆಸಿ, ಕಾಲಿಗೆ ಅಂಟಿಕೊಳ್ಳುವ ಹಾಗೆ ಹೊಲಿಸಿಕೊಂಡ. ಆದರೆ ಅವನದು ಕರುವಿನ ಚರ್ಮದ್ದು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವುದಕ್ಕೆ ಪೇಟೆಂಟ್ ತೆಗೆದುಕೊಂಡ ಮೇಲೆ ರಬ್ಬರಿನ ಕಾಲ ಶುರು. 1853ರಲ್ಲಿ ಹೈರಮ್ ಹಚಿನ್‌ಸನ್ ಅನ್ನುವ ಅಮೆರಿಕದವನು ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ಹಾಕಿದ. ಮೊದಲ ಮಹಾಯುದ್ಧದಲ್ಲಿ ನೀರು ತುಂಬಿದ ಕಂದಕಗಳಲ್ಲಿ ನಿಂತು ನಿಂತು ಸೈನಿಕರ ಪಾದ ಕೊಳೆಯುತ್ತಿತ್ತು. ಆಗ ಬ್ರಿಟಿಷ್ ಸೇನೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜೊತೆ ತಯಾರಾದವು.

ಡ್ಯೂಕ್‌ನನ್ನು ಯಾಕೆ ಎಳೆದು ತಂದೆ ಅಂದರೆ, ಚರ್ಮ ಹಿಗ್ಗುತ್ತದೆ. ನಾಲ್ಕು ದಿನ ಹಾಕಿದರೆ ಕಾಲಿಗೆ ಒಗ್ಗುತ್ತದೆ. ರಬ್ಬರ್ ಒಗ್ಗುವುದಿಲ್ಲ ಕಣೋ. ಬಿಗಿ ಮಾಡಲು, ಸಡಿಲ ಮಾಡಲು ಲೇಸೂ ಇಲ್ಲ. ಸೈಜ್ ತಪ್ಪಿದರೆ ಮುಗಿಯಿತು.

ನನ್ನ ಮೂರನೆಯ ಜೊತೆ ಎಲ್ಲಾ ರೀತಿಯಲ್ಲೂ ಸರಿಯಿತ್ತು. ಆಳವಾದ ಗ್ರಿಪ್, ಗಟ್ಟಿ ಹಿಮ್ಮಡಿ, ಕೂತಾಗ ಮೊಣಕಾಲ ಹಿಂದೆ ಒತ್ತದಷ್ಟು ಎತ್ತರ. ಎರಡೇ ದಿನಕ್ಕೆ ಕಾಲು ಒಳಗೇ ಕಿರುಚತೊಡಗಿತು. ಸಂಜೆ, ಪಾದ ಸ್ವಲ್ಪ ಊದಿಕೊಂಡಿರುವ ಹೊತ್ತಲ್ಲಿ, ದಪ್ಪ ಕಾಲುಚೀಲ ಹಾಕಿ, ಗೋಡೆಗೆ ಹಿಮ್ಮಡಿ ಒತ್ತಿ ಪೇಪರಿನ ಮೇಲೆ ನಿಂತು ಅಳೆದೆ. ಎರಡೂ ಪಾದ. ಹೆಬ್ಬೆರಳ ಮುಂದೆ ಒಂದು ಬೆರಳಿನ ಅಗಲ ಬಿಟ್ಟು ಲೆಕ್ಕ ಹಾಕಿದೆ.

ಒಂಬತ್ತು.

ಇಪ್ಪತ್ತೆರಡು ವರ್ಷದಿಂದ ಹೋದ ಅಂಗಡಿಯಲ್ಲೆಲ್ಲ ‘ಎಂಟು ಕೊಡಿ’ ಅನ್ನುತ್ತಾ ಬಂದಿದ್ದೇನೆ. ಎಂಟು ಯಾರದು ಹೇಳು? ನಿನ್ನದು.

ಹಾಸ್ಟೆಲಿನಲ್ಲಿ ನಮ್ಮಿಬ್ಬರ ನಡುವೆ ಇದ್ದದ್ದು ಆ ಒಂದು ಜೊತೆ ಕಪ್ಪು ಚರ್ಮದ ಶೂ, ನಿನ್ನದು. ‘ನಿಂಗೂ ಎಂಟೇನಾ?’ ಅಂತ ನೀನು ಕೇಳಿದೆ. ‘ಹೂಂ, ಎಂಟೇ’ ಅಂತ ನಾನಂದೆ. ಒಂಬತ್ತು ಅಂದಿದ್ದರೆ ಇಂಟರ್‌ವ್ಯೂಗೆ ಚಪ್ಪಲಿಯಲ್ಲಿ ಹೋಗಬೇಕಿತ್ತು. ಕಾಲು ತುರುಕಿಕೊಂಡು ಹೋದೆ. ನನಗೆ ಕೆಲಸ ಸಿಕ್ಕಿತು. ಮರುದಿನ ನಿನ್ನ ಸರದಿ. ಕಟ್ಟಿಕೊಳ್ಳುತ್ತಾ ನೀನು ‘ಯಾಕೋ ಲೂಸಾಗಿದೆ’ ಅಂದೆ. ನಾನು ಕಿಟಕಿ ಕಡೆ ತಿರುಗಿ ಏನೋ ಹುಡುಕುತ್ತಿದ್ದೆ. ನಿನಗೆ ಸಿಗಲಿಲ್ಲ.

ಶೂ ಸಡಿಲವಾದದ್ದಕ್ಕೆ ಕೆಲಸ ತಪ್ಪಿತು ಅಂತ ಯಾರೂ ಹೇಳುವುದಿಲ್ಲ. ನೀನಂತೂ ಒಂದು ದಿನವೂ ಎತ್ತಲಿಲ್ಲ. ನೀನು ಎತ್ತದೇ ಇದ್ದದ್ದೇ ನನಗೆ ಕಷ್ಟವಾಯಿತು. ಆಮೇಲೆ ನಾನು ಫೋನ್ ಕಡಿಮೆ ಮಾಡಿದ್ದು ಕೆಲಸ ಜಾಸ್ತಿ ಇತ್ತು ಅಂತ ಅಲ್ಲ. ನಿನ್ನ ದನಿ ಕೇಳಿದಾಗಲೆಲ್ಲ ಕಿರುಬೆರಳು ಮುದುಡುತ್ತಿತ್ತು. ಎಂಟು ಅನ್ನುತ್ತಲೇ ಇದ್ದರೆ ಆವತ್ತು ಹೇಳಿದ್ದೂ ಸುಳ್ಳಲ್ಲ ಅಂತ ಆಗುತ್ತದೆ, ಅಲ್ವಾ? ಹಾಗಂತ ಯೋಚನೆ ಮಾಡಿಯೇನೂ ಹೇಳಿದ್ದಲ್ಲ. ಬಾಯಿಗೆ ಎಂಟೇ ಬರುತ್ತಿತ್ತು. ನನ್ನ ಉಗುರು ನೋಡಿದರೆ ನೀನೇ ಮುಖ ತಿರುಗಿಸುತ್ತೀಯ.

ಸಾಕು. ಗಂಬೂಟಿನ ಪತ್ರ ಎಲ್ಲಿಗೋ ಹೊರಟಿತು. ಒಳಗೆ ನೀರು ಹೊಕ್ಕ ಬೂಟಿನ ಹಾಗೆ ಹೆಜ್ಜೆಗೊಂದು ಪಚಕ್ ಪಚಕ್. ಓದುತ್ತಿರುವ ಮಿಕ್ಕವರೆಲ್ಲ ಮೂಗು ಒರೆಸಿಕೊಂಡು ನಿಮ್ಮ ನಿಮ್ಮ ಕಾಲು ಅಳೆದುಕೊಳ್ಳಿ.

ನೀನು ಹಾಕಿ ನೋಡುವಾಗ ಅಂಗಡಿಯಲ್ಲೇ ಹತ್ತು ನಿಮಿಷ ನಡೆದಾಡು. ಹಿಮ್ಮಡಿ ಚೂರು ಎದ್ದರೆ ಪರವಾಗಿಲ್ಲ, ಪ್ರತಿ ಹೆಜ್ಜೆಗೂ ಎದ್ದು ಕೂತರೆ ಬೊಬ್ಬೆ ಗ್ಯಾರಂಟಿ. ಮೀನಖಂಡದ ಹತ್ತಿರ ಪ್ಯಾಂಟು ಮಡಚಿ ತೂರಿಸಲು ಜಾಗ ಇರಲಿ. ಕಡಿಮೆ ಬೆಲೆಯ ಬೂಟಿನ ಇನ್‌ಸೋಲ್ ಹಪ್ಪಳದಷ್ಟೇ ಇರುತ್ತದೆ, ಅದನ್ನು ಎಸೆದು ಬೇರೆ ಒಳ್ಳೆಯದು ಹಾಕಿಕೋ. ಖರ್ಚು ಮಾಡಲೇಬೇಕು ಅನ್ನಿಸಿದರೆ ಅದಕ್ಕೆ ಮಾಡು.

ಅಂದಹಾಗೆ, ನಿನ್ನದು ಈಗಲೂ ಎಂಟೇನಾ? ಅಳೆದು ಹೇಳು. ಇಲ್ಲಿ ಒಂದು ಜೊತೆ ಇದೆ, ಎರಡೇ ದಿನ ಹಾಕಿದ್ದು. ರಬ್ಬರಿನದು, ಹಿಗ್ಗಿಸಿಲ್ಲ, ನಿನ್ನಾಣೆ.

ಇಂತಿ ನಿನ್ನ,
ಒಂಬತ್ತು